ಹೇಳಿದ ಹಾಗೇ ಲೆಕ್ಕ

ಪಾದ್ರಿಗಳ ಬಿಳಿ ನಿಲುವಂಗಿಯನ್ನು ಇಪ್ಪತ್ತಾರು ವರ್ಷಗಳಿಂದ ಇಸ್ತ್ರಿ ಮಾಡುತ್ತಿರುವವಳು ನಾನು. ಈ ಅವಧಿಯಲ್ಲಿ ಮೂವರು ಪಾದ್ರಿಗಳು ಬದಲಾದರು. ಮೊದಲನೆಯವರು ಗುಂಡಗಿದ್ದರು, ಎರಡನೆಯವರು ಕುಳ್ಳಗಿದ್ದರು, ಈಗಿನವರು ಏಣಿಯ ಹಾಗೆ ಉದ್ದ. ಮೂವರಲ್ಲಿ ಯಾರ ಬೆನ್ನ ಮೇಲೂ ಒಂದು ಸುಕ್ಕು ಕಂಡವರಿಲ್ಲ. ನನ್ನ ಅಂಗಡಿಯಲ್ಲಿ ಒಂದು ಮೇಜು, ಒಂದು ಇಸ್ತ್ರಿಪೆಟ್ಟಿಗೆ, ಬಟ್ಟೆ ನೇತುಹಾಕಲು ಎರಡು ಹಗ್ಗ ಬಿಟ್ಟರೆ ನಾನು ನಿಲ್ಲುವಷ್ಟು ಜಾಗ. ಆದರೆ ಶನಿವಾರ ಮಧ್ಯಾಹ್ನ ಆ ಮೇಜಿನ ಮೇಲೆ ಬೇರೆ ಯಾರ ಬಟ್ಟೆಯೂ ಬರುವಂತಿಲ್ಲ. ಈ ಕೆಲಸಕ್ಕೆ ನಾನು ಕೂಲಿ ಮುಟ್ಟುವುದಿಲ್ಲ. ದೇವರ ಕೆಲಸ ಎನ್ನುತ್ತೇನೆ. ದೇವರು ಇದನ್ನೆಲ್ಲ ನೋಡಿ ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಈಗಿನ ಪಾದ್ರಿಗೆ ನನ್ನ ಮಗನ ವಯಸ್ಸು, ಮಗನೊಬ್ಬ ಇದ್ದಿದ್ದರೆ. ಕೃಪೆ ಎಂದರೆ ಅವರಿಗೆ ಪ್ರಾಣ. ಯಾವ ಮನುಷ್ಯನೂ ತನ್ನ ಕೆಲಸದಿಂದ ದೇವರ ಮುಂದೆ ನೀತಿವಂತನಾಗುವುದಿಲ್ಲ, ಬರಿಗೈಯಲ್ಲಿ ಬಂದು ನಂಬಿದವನನ್ನು ದೇವರೇ ನೀತಿವಂತನೆಂದು ಎಣಿಸಿಕೊಳ್ಳುತ್ತಾನೆ ಎಂದು ತಿಂಗಳಿಗೆರಡು ಸಲವಾದರೂ ಹೇಳುತ್ತಾರೆ. ನಾನು ಮೊದಲ ಸಾಲಿನಲ್ಲಿ ಕುಳಿತು ತಲೆಯಾಡಿಸುತ್ತೇನೆ. ಇವರ ನಿಲುವಂಗಿಯನ್ನು ಕೃಪೆ ಬಂದು ಇಸ್ತ್ರಿ ಮಾಡಿಕೊಡುತ್ತದೆಯೇ ಎಂದು ಒಳಗೊಳಗೇ ಗೊಣಗಿಕೊಳ್ಳುತ್ತೇನೆ.

ಆ ಪಾದ್ರಿಯೇ ಒಂದು ಮಂಗಳವಾರ ಅಂಗಡಿಯ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತರು. ಅವರು ತಂದದ್ದು ನನ್ನ ತಮ್ಮನ ಸುದ್ದಿ. ಅವನು ಆಸ್ಪತ್ರೆಯಲ್ಲಿದ್ದಾನೆ, ಲಿವರ್ ಪೂರ್ತಿ ಹೋಗಿದೆ, ವೈದ್ಯರು ಹೆಚ್ಚೆಂದರೆ ಒಂದು ವಾರ ಎಂದಿದ್ದಾರೆ, ಅವನಿಗೆ ನನ್ನನ್ನು ನೋಡಬೇಕಂತೆ. ನಾನು ಕೈಯಲ್ಲಿದ್ದ ಅಂಗಿಯ ಕಾಲರ್ ಮುಗಿಸಿ, ತೋಳು ಮುಗಿಸಿ, ಮಡಚಿಟ್ಟೆ. ತಮ್ಮನ ಹೆಸರನ್ನು ನನ್ನ ಮುಂದೆ ಯಾರೂ ಎತ್ತದೆ ಹದಿನಾಲ್ಕು ವರ್ಷಗಳಾಗಿದ್ದವು.

ಅವನು ಗೋಡೆಗೆ ಬಣ್ಣ ಬಳಿಯುವವನು. ಬೀದಿಯವರು ಅವನನ್ನು ನಾಳೆರಾಯ ಎನ್ನುತ್ತಿದ್ದರು. ನಾಳೆಯಿಂದ ಕುಡಿಯಲ್ಲ, ನಾಳೆ ಬಂದು ಇನ್ನೊಂದು ಗೋಡೆ ಮುಗಿಸುತ್ತೇನೆ, ಎಲ್ಲವೂ ನಾಳೆ. ಅರ್ಧ ಹಸಿರು ಅರ್ಧ ಹಳದಿಯಾಗಿ ನಿಂತ ಮನೆಗಳು ನಮ್ಮ ಬೀದಿಯಲ್ಲಿ ಈಗಲೂ ಎರಡಿವೆ. ಅಮ್ಮನಿಗೆ ಅವನೆಂದರೆ ಜೀವ. ಹಾಸಿಗೆ ಹಿಡಿದ ಅಮ್ಮನನ್ನು ಹನ್ನೆರಡು ವರ್ಷ ಎತ್ತಿ ಇಳಿಸಿ ತೊಳೆದು ಬಳಿದವಳು ನಾನು. ಅವಳು ಬಾಗಿಲ ಕಡೆ ನೋಡುತ್ತಿದ್ದದ್ದು ಮಾತ್ರ ಅವನಿಗಾಗಿ.

ಆ ಹನ್ನೆರಡು ವರ್ಷಗಳಲ್ಲಿ ಒಂದೇ ಒಂದು ದಿನ ನಾನು ರಜೆ ಕೇಳಿದೆ. ನಮ್ಮ ಚರ್ಚಿನ ಸಭೆಯ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಬೆಟ್ಟದ ಮೇಲಿನ ಪ್ರಾರ್ಥನಾಲಯಕ್ಕೆ ಹೊರಟಿದ್ದರು. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಅಮ್ಮನನ್ನು ನೋಡಿಕೊಳ್ಳುವುದಾಗಿ ತಮ್ಮ ಒಪ್ಪಿದ. ಆದರೆ ಹತ್ತು ಗಂಟೆಗೇ ಹೊರಗಿನಿಂದ ಬೀಗ ಹಾಕಿ ಕುಡಿಯಲು ಹೋದ. ಅಮ್ಮ ಹೇಗೋ ಎದ್ದು ಬಚ್ಚಲಿಗೆ ಹೋಗಿ ಜಾರಿಬಿದ್ದಿದ್ದಳು. ಸಂಜೆ ಏಳಕ್ಕೆ ನಾನು ಬಂದಾಗ ಬೀಗ ಹಾಗೇ ಇತ್ತು. ಪಕ್ಕದ ಮನೆಯವರು ಬೀಗ ಒಡೆದರು. ಒದ್ದೆ ನೆಲದ ಮೇಲೆ ಅಮ್ಮ ಎಷ್ಟು ಹೊತ್ತಿನಿಂದ ಬಿದ್ದಿದ್ದಳೋ, ಯಾರನ್ನು ಕೂಗಿದ್ದಳೋ ಗೊತ್ತಿಲ್ಲ. ಒಂಬತ್ತನೆಯ ದಿನ ತೀರಿಕೊಂಡಳು.

ಸಭೆಯ ಹಿರಿಯರು ತಮ್ಮನನ್ನು ಕೂರಿಸಿಕೊಂಡು ವಿಚಾರಿಸಿದರು. ಅವನು ತಲೆ ಎತ್ತಲಿಲ್ಲ, ತಪ್ಪೆಲ್ಲ ತನ್ನದೇ ಎಂದ. ಮತ್ತೆಂದೂ ಆಲಯದ ಮೆಟ್ಟಿಲು ಹತ್ತಲಿಲ್ಲ. ನನ್ನ ಹೊಸ್ತಿಲನ್ನಂತೂ ನಾನೇ ತುಳಿಯಗೊಡಲಿಲ್ಲ.

ಆಸ್ಪತ್ರೆಗೆ ಬುಧವಾರ ಹೋದೆ. ಹನ್ನೊಂದು ಮಂಚಗಳ ವಾರ್ಡಿನಲ್ಲಿ ಕಿಟಕಿಯ ಪಕ್ಕದ್ದು ಅವನದು. ಗುರುತೇ ಸಿಗಲಿಲ್ಲ. ಕಣ್ಣೂ ಮೈಯೂ ಅರಿಸಿನದಂತೆ ಹಳದಿ, ಹೊಟ್ಟೆ ಉಬ್ಬಿ ಕೈಕಾಲು ಸೊರಗಿದ್ದವು. ನನ್ನನ್ನು ಕಂಡವನೇ ಎದ್ದು ಕೂರಲು ಹೋಗಿ ಆಗದೆ ಒರಗಿಕೊಂಡ.

"ಅಕ್ಕಾ, ಪಾಸ್ಟರ್ ಹತ್ರ ಎಲ್ಲಾ ಹೇಳ್ಕೊಂಡೆ. ದೇವರು ಕ್ಷಮಿಸಿದಾನೆ ಅಂದ್ರು, ನಂಬಿದೀನಿ. ನೀನೂ ಒಂದು ಮಾತು ಹೇಳ್ಬಿಡು. ಕ್ಷಮಿಸಿದೀನಿ ಅಂತ."

ನನ್ನ ಬಾಯಿಂದ ಬಂದದ್ದು, "ಉಗುರು ಎಷ್ಟು ಬೆಳೆದಿದೆ ನೋಡು" ಎಂಬ ಮಾತು.

ನರ್ಸ್ ಹತ್ತಿರ ಕತ್ತರಿ ಇಸಿದುಕೊಂಡು ಇಪ್ಪತ್ತು ಉಗುರನ್ನೂ ಕತ್ತರಿಸಿದೆ. ಮುಖ ಒರೆಸಿದೆ, ಹೊದಿಕೆ ಕೊಡವಿ ಹಾಸಿದೆ. ಗುರುವಾರ ಮನೆಯಿಂದ ಒಗೆದ ದಿಂಬಿನ ಚೀಲ ತಂದೆ. ಅವನು ಮತ್ತೆ ಕೇಳಿದ, ನಾನು ದಿಂಬು ಸರಿಮಾಡಿದೆ. ಶುಕ್ರವಾರ ಅವನ ಅಂಗಿಯನ್ನು ಗಂಜಿ ಹಾಕಿ ಗರಿಗರಿಯಾಗಿ ಇಸ್ತ್ರಿ ಮಾಡಿ ತಂದೆ. ಸಾಯುವವನಿಗೆ ಗಂಜಿ ಹಾಕಿದ ಅಂಗಿ ಯಾಕೆ ಎಂದು ಪಕ್ಕದ ಮಂಚದ ಮುದುಕ ಹಲ್ಲು ಬಿಟ್ಟ. ಅವನನ್ನು ಸುಟ್ಟುಬಿಡುವ ಹಾಗೆ ನೋಡಿದೆ. ಮೂರು ದಿನಗಳಲ್ಲಿ ತಮ್ಮನಿಗೆ ಮಾಡದ ಸೇವೆಯಿಲ್ಲ. ಅವನು ಕೇಳಿದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟೆ. ಶುಕ್ರವಾರ ಅವನು ಕೇಳಲಿಲ್ಲ. ನಾನು ಅಂಗಿಯ ಗುಂಡಿ ಹಾಕುತ್ತಿದ್ದಾಗ ನನ್ನ ಮುಖವನ್ನೇ ನೋಡುತ್ತ ಮಲಗಿದ್ದ.

ಹೊರಗೆ ಮೆಟ್ಟಿಲ ಹತ್ತಿರ ಪಾದ್ರಿ ಸಿಕ್ಕರು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಆಯುಷ್ಯವೆಲ್ಲ ಕುಡಿದು, ಕೊನೆಯ ವಾರ ನಂಬಿದೆ ಎಂದರೆ ಆಗಿಹೋಯಿತೇ, ಹಾಗಾದರೆ ನಾನು ಮೈಮುರಿದು ದುಡಿದದ್ದು ಯಾವ ಪುರುಷಾರ್ಥಕ್ಕೆ ಎಂದೆ. ಪಾದ್ರಿ ಬೋಧನೆ ಶುರುಮಾಡುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅವನ ಕೈಯಲ್ಲಿ ದೇವರಿಗೆ ತೋರಿಸೋಕೆ ಏನೂ ಇಲ್ಲಮ್ಮ. ಅದು ಅವನಿಗೆ ಗೊತ್ತಾಗಿದೆ ಅಷ್ಟೆ. ನಮಗೆ ಗೊತ್ತಾಗೋದು ಕಷ್ಟ."

ನಮಗೆ ಎಂದರೆ ನನಗೆ ಎಂದು ಅರ್ಥ. ಅಷ್ಟು ತಿಳಿಯದಷ್ಟು ದಡ್ಡಿಯಲ್ಲ ನಾನು. ಮೈಯೆಲ್ಲ ಉರಿದುಹೋಯಿತು, ಸೀದಾ ಮನೆಗೆ ಬಂದೆ.

ಶನಿವಾರ ಮಧ್ಯಾಹ್ನ ನಿಲುವಂಗಿಯನ್ನು ಮೇಜಿನ ಮೇಲೆ ಹರಡಿದೆ. ನೀರು ಚಿಮುಕಿಸಿ, ಬೆನ್ನಿನ ಭಾಗದಿಂದ ಶುರುಮಾಡಿದೆ. ಇವತ್ತು ಹೇಳಿಬಿಡಬೇಕು ಎಂದು ಗಟ್ಟಿಮಾಡಿಕೊಂಡಿದ್ದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಇಸ್ತ್ರಿಪೆಟ್ಟಿಗೆಗೇ ಹೇಳಿ ಅಭ್ಯಾಸ ಮಾಡೋಣವೆಂದು ಬಾಯಿ ತೆರೆದೆ. ಕ್ಷಮಿಸಿ ಎಂಬಲ್ಲಿಂದ ಮುಂದಕ್ಕೆ ಹೋಗಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡದ್ದು ಎದುರು ಬಂದು ನಿಂತಿತು. ಆ ಬೆಳಿಗ್ಗೆ ಆರು ಗಂಟೆಗೆ ತಮ್ಮ ಮನೆಗೆ ಬಂದಾಗಲೇ ಅವನ ಬಾಯಿ ನಾರುತ್ತಿತ್ತು. ಕಣ್ಣು ಕೆಂಪಾಗಿ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹೊರಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ನಾನು ಹೊಸ ಸೀರೆ ಉಟ್ಟಿದ್ದೆ. ಹನ್ನೆರಡು ವರ್ಷಗಳಲ್ಲಿ ಒಂದು ದಿನ, ಇವನಿಂದ ಇದೂ ತಪ್ಪಬೇಕೇ ಅನ್ನಿಸಿತು. "ಬಾಯಿ ತೊಳ್ಕೊ, ಅಮ್ಮಂಗೆ ವಾಸನೆ ಬರುತ್ತೆ" ಎಂದವಳೇ ಬಸ್ಸು ಹತ್ತಿದೆ. ಎಲ್ಲ ಗೊತ್ತಿದ್ದೇ ಹತ್ತಿದೆ. ಅವನ ಮೇಲಿನ ಸಿಟ್ಟನ್ನು ಒಂದು ಕ್ಷಣ ಕೆಳಗಿಳಿಸಿದರೂ ಆ ಬಸ್ಸು ಬಂದು ನನ್ನೆದುರು ನಿಲ್ಲುತ್ತಿತ್ತು. ಅದಕ್ಕೇ ಇಳಿಸಲಿಲ್ಲ.

ಸುಟ್ಟ ವಾಸನೆ ಮೂಗಿಗೆ ಬಡಿದಾಗ ಪೆಟ್ಟಿಗೆ ಎತ್ತಿದೆ. ನಿಲುವಂಗಿಯ ಬೆನ್ನ ನಡುವೆ ಇಸ್ತ್ರಿಪೆಟ್ಟಿಗೆಯ ಗುರುತು, ತುದಿಯಿಂದ ಬುಡದವರೆಗೆ ಕಂದು ಬಣ್ಣದಲ್ಲಿ ಮೂಡಿತ್ತು. ಒದ್ದೆ ಬಟ್ಟೆಯಿಂದ ಉಜ್ಜಿದೆ, ಹೋಗಲಿಲ್ಲ. ಇಪ್ಪತ್ತಾರು ವರ್ಷಗಳ ಹೆಸರು ಹೋಯಿತಲ್ಲ ಎಂದು ಅಳು ಬಂತು. ಹೆಸರಿಗೆ ಅಳುತ್ತಿದ್ದೇನಲ್ಲ, ಅಲ್ಲಿ ತಮ್ಮ ಸಾಯುತ್ತಿದ್ದಾನೆ ಎಂದು ಇನ್ನೂ ಅಳು ಬಂತು. ಪೆಟ್ಟಿಗೆ ಆರಿಸಿ, ಅಂಗಡಿ ಹಾಗೇ ಬಿಟ್ಟು ಓಡಿದೆ.

ಕಿಟಕಿ ಪಕ್ಕದ ಮಂಚದ ಹಾಸಿಗೆಯನ್ನು ಸುತ್ತಿಟ್ಟಿದ್ದರು. ನಾನು ಅದರ ಕಬ್ಬಿಣದ ಪಟ್ಟಿಯನ್ನು ಹಿಡಿದುಕೊಂಡು ನಿಂತೆ. ನರ್ಸ್ ಬಂದು ಭುಜ ಮುಟ್ಟಿದಳು. ಎರಡೂವರೆಗೆ ಹೋದನಂತೆ. ನೋವಿತ್ತು, ಆದರೆ ಗಲಾಟೆ ಮಾಡಲಿಲ್ಲವಂತೆ. ಬೆಳಿಗ್ಗೆಯಿಂದ ವಾರ್ಡಿನವರಿಗೆಲ್ಲ, ಕಸ ಗುಡಿಸುವವಳಿಗೂ ಬಿಡದೆ, ನನ್ನಕ್ಕ ನನ್ನನ್ನು ಕ್ಷಮಿಸಿದಳು ಎಂದು ಹೇಳಿಕೊಂಡು ಖುಷಿಪಟ್ಟನಂತೆ. ಪಕ್ಕದ ಮಂಚದ ಮುದುಕ ನನ್ನನ್ನು ನೋಡಿ ಕೈಮುಗಿದ. ನಾನು ಹೇಳಿಲ್ಲ ಎನ್ನಲು ಬಾಯಿ ತೆರೆದೆ. ಯಾರ ಮುಂದೆ ಹೇಳುವುದು, ಹೇಳಿ ಏನು ಬಂತು. ಸುತ್ತಿಟ್ಟ ಹಾಸಿಗೆಯ ಮೇಲೆ ಅವನ ಇಸ್ತ್ರಿ ಅಂಗಿ ಮಡಚಿಟ್ಟಿತ್ತು. ಅದನ್ನು ಎತ್ತಿಕೊಂಡು ಬಂದೆ.

ಸೋಮವಾರ ಮಣ್ಣು ಮಾಡಿದೆವು. ಪಾದ್ರಿಗಳ ಹತ್ತಿರ ಇದ್ದದ್ದು ಅದೊಂದೇ ನಿಲುವಂಗಿ. ಸುಟ್ಟ ಗುರುತಿನ ಸಮೇತ ಅದನ್ನೇ ತೊಟ್ಟು ಬಂದರು. ಎಲ್ಲರಿಗೂ ಕಾಣುತ್ತಿತ್ತು, ಇಸ್ತ್ರಿ ಮಾಡಿದವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ತುಟಿ ಬಿಚ್ಚಲಿಲ್ಲ. ಬದಲಿಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದರು. ತಮ್ಮ ವಾರ್ಡಿನಲ್ಲಿ ಹೇಳಿದ ಮಾತು ಅವರವರೆಗೂ ಬಂದಿತ್ತು, ನಿಮ್ಮಂಥ ಮನಸ್ಸು ಎಲ್ಲರಿಗೂ ಬರುವುದಿಲ್ಲ ಎಂದರು. ಒಂದೊಂದು ಕೈ ಹಿಡಿದಾಗಲೂ ನೆಲ ಬಾಯಿ ಬಿಡಬಾರದೇ ಎನಿಸಿತು. ಹೊಗಳಿಸಿಕೊಳ್ಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಆಲಯದ ಹಿಂದಿನ ಕೋಣೆಗೆ ಹೋದೆ. ಪಾದ್ರಿ ನಿಲುವಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದರು. ನಿಂತಲ್ಲಿಂದಲೇ ಹೇಳಿದೆ, ನಾನು ಅವನಿಗೆ ಆ ಮಾತು ಹೇಳಲೇ ಇಲ್ಲ, ಅವನು ವಾರ್ಡಿನವರಿಗೆಲ್ಲ ಸುಳ್ಳು ಹೇಳಿದ್ದಾನೆ ಎಂದು.

"ಗೊತ್ತಮ್ಮ" ಎಂದರು ಪಾದ್ರಿ. "ಶನಿವಾರ ಬೆಳಿಗ್ಗೆ ನಾನೇ ಕೇಳಿದೆ, ಅಕ್ಕ ಹೇಳಿದ್ರಾ ಅಂತ. ಇಲ್ಲ, ಅವಳ ಕೈಲಿ ಆಗ್ತಿಲ್ಲ, ಪಾಪ ಅಂದ. ನಾನು ಕೇಳ್ತಾ ಇದ್ರೆ ಅವಳಿಗೆ ಹಿಂಸೆ, ಅದಕ್ಕೇ ಕೇಳೋದು ಬಿಟ್ಟೆ, ಹೇಳಿದ ಹಾಗೇ ಲೆಕ್ಕ ಅಂತ ಇಟ್ಕೊಂಡಿದೀನಿ ಅಂದ."

ಅಲ್ಲಿದ್ದ ಬೆಂಚಿನ ಮೇಲೆ ಕುಳಿತೆ. ಇನ್ನು ಯಾವುದನ್ನು ಉಳಿಸಿಕೊಳ್ಳಲಿ? ಬಸ್ಸಿನ ವಿಷಯವನ್ನು ಹೇಳಿಬಿಟ್ಟೆ. ಅವನ ಬಾಯಿಯ ವಾಸನೆ, ಕೆಂಪು ಕಣ್ಣು, ಹೊಸ ಸೀರೆ, ಏನೂ ಬಿಡಲಿಲ್ಲ. ಅವನು ಕುಡಿದಿದ್ದಾನೆಂದು ಗೊತ್ತಿದ್ದೇ ಅಮ್ಮನನ್ನು ಅವನ ಕೈಗೆ ಬಿಟ್ಟುಹೋದೆ ಎಂದೆ. ತಲೆ ಎತ್ತಿದಾಗ ಪಾದ್ರಿಯ ಮುಖ ಬದಲಾಗಿತ್ತು.

"ನಿಮಗೆ ಇದನ್ನೂ ಅವನು ಹೇಳಿರಬೇಕಲ್ಲ" ಎಂದೆ.

"ಆ ದಿನದ್ದೆಲ್ಲ ಹೇಳಿದ್ದ. ಬೀಗದ್ದು, ಬೀಗದ ಕೈ ಎಲ್ಲಿ ಬೀಳಿಸಿಕೊಂಡ ಅನ್ನೋದೂ ಹೇಳಿದ್ದ. ಬೆಳಿಗ್ಗೆ ನೀನು ಕುಡಿದು ಬಂದಿದ್ದು ಅಕ್ಕನಿಗೆ ಗೊತ್ತಾಗಲಿಲ್ವಾ ಅಂತ ನಾನೇ ಕೇಳಿದೆ." ಪಾದ್ರಿ ನನ್ನ ಕಡೆ ನೋಡಲಿಲ್ಲ. "ಇಲ್ಲ, ಅವಳಿಗೆ ಗೊತ್ತಿರಲಿಲ್ಲ ಅಂದ."

ಗೂಟದಲ್ಲಿ ನೇತಾಡುತ್ತಿದ್ದ ನಿಲುವಂಗಿಯ ಬೆನ್ನು ನನ್ನ ಕಡೆಗಿತ್ತು. ಪಾದ್ರಿ ನನ್ನ ಪಕ್ಕದಲ್ಲಿ ಬಂದು ಕುಳಿತು, ಪ್ರಾರ್ಥನೆ ಮಾಡೋಣವೇ ಎಂದು ಕೇಳಿದರು. ಹೂಂ ಎಂದೆ. ಕೈ ಜೋಡಿಸಿದೆ, ಕಣ್ಣು ಮುಚ್ಚಿದೆ. ಹೇಳಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ.