ಹೊಗೆ ಕೆಂಡ ತುಳಿಯುವ ತನಕ

ಮರಿಬಸಪ್ಪನ ಬಿಳಿಯ ರುಮಾಲಿನ ಒಂದು ಸೆರಗು ಸದಾ ಕರಿಯಾಗಿರುತ್ತಿತ್ತು. ಯುದ್ಧಕಾಲದಲ್ಲಿ ಪೆಟ್ರೋಲು ದುರ್ಲಭವಾಗಿ, ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ಬಸ್ಸುಗಳೆಲ್ಲ ಬೆನ್ನಿಗೊಂದು ಕಬ್ಬಿಣದ ಒಲೆ ಕಟ್ಟಿಕೊಂಡು, ಹೊಗೆಯನ್ನೇ ಕುಡಿದು ಓಡುತ್ತಿದ್ದ ಕಾಲವದು. ಒಲೆಯಿಂದ ಎಂಜಿನ್ನಿಗೆ ಹೋಗುವ ಕೊಳವೆಯ ಬಾಯಿಗೆ ಆತ ರುಮಾಲಿನ ಸೆರಗು ಹಿಡಿಯುವನು. ಕಲೆ ಬಿತ್ತೋ, ಕಲೆಕ್ಟರೇ ಬಂದು ಕೂತಿದ್ದರೂ ಬಸ್ಸು ಹೊರಡದು.

ಆಳು ಕುಳ್ಳು, ನಡಿಗೆ ನಿಧಾನ. ಮೊಣಕಾಲ ತನಕ ಇಳಿದ, ಯಾರದೋ ಅಳತೆಗೆ ಹೊಲಿದ ಖಾಕಿ ಕೋಟು. ಮಾಲೀಕನೂ ಅವನೇ, ಡ್ರೈವರನೂ ಅವನೇ. ಸೌದೆಯ ಹಸಿಹೊಗೆಯಲ್ಲಿ ಡಾಂಬರಿನಂಥ ಜಿಡ್ಡಿರುತ್ತದೆ, ಅದು ಎಂಜಿನ್ನಿನ ಗಂಟಲಿಗಿಳಿದರೆ ಬಸ್ಸು ನಡುದಾರಿಯಲ್ಲಿ ಮಲಗುತ್ತದೆ ಎಂಬುದು ಎಲ್ಲ ಡ್ರೈವರರಿಗೂ ಗೊತ್ತಿದ್ದದ್ದೇ. ಬಾದನಹಟ್ಟಿಯ ಆಸುಪಾಸಿನಲ್ಲಿ ಆಗಾಗ ಒಂದಲ್ಲ ಒಂದು ಬಸ್ಸು ಹಾಗೆ ಮಲಗಿರುತ್ತಿತ್ತು. ಜಾಲಿಯ ತುಂಡುಗಳ ಕೆಳಗೆ ದಪ್ಪಗೆ ಇದ್ದಿಲು ಹಾಸಿ, ಅದು ನಿಗಿನಿಗಿ ಕೆಂಡವಾದ ಮೇಲೆ ಹೊಗೆಯನ್ನು ಅದರೊಳಗಿಂದಲೇ ಇಳಿಸಿದರೆ ಜಿಡ್ಡು ಒಡೆದು ಉರಿಯುವ ಅನಿಲವಾಗುತ್ತದೆ. ಇದೂ ಎಲ್ಲರಿಗೂ ಗೊತ್ತಿತ್ತು, ಕಾಯುವವರು ಮಾತ್ರ ಇರಲಿಲ್ಲ. ಮರಿಬಸಪ್ಪ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹುಟ್ಟಿ, ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಕೆಂಡ ಹಾಯ್ದು ಬೆಳೆದವನು. ಗದರಿದವರಿಗೆಲ್ಲ ಅವನದು ಒಂದೇ ಉತ್ತರ: “ಹೊಗಿ ಕೆಂಡ ತುಳೀಲಿ, ತಡೀರಿ.”

ನಾನು ಕುರುಗೋಡಿನಲ್ಲಿ ಅವನ ನೆರೆಮನೆಯ ಮೇಷ್ಟ್ರು. ತಾಳಿದವನು ಬಾಳಿಯಾನು ಎಂದು ಹುಡುಗರಿಗೆ ಕಲಿಸಬೇಕಾದ ನಾನೇ ಇವನ ಬಸ್ಸಿಗೆ ಕಾದು ಎಷ್ಟೋ ಸಲ ಪಾಠ ತಪ್ಪಿಸಿದ್ದೇನೆ.

ಅವನ ಮಗಳು ಈರಮ್ಮನ ಮದುವೆ ಸಿರುಗುಪ್ಪದಲ್ಲಿ, ಗಂಡಿನ ಮನೆಯಲ್ಲಿ ಗೊತ್ತಾಯಿತು. ಬೆಳಗಿನ ಮುಹೂರ್ತ. ದಿಬ್ಬಣವೆಲ್ಲ ಹತ್ತಿ ಕುಳಿತಿದೆ. ಹಿಂದಿನ ದಿನದ ಮಳೆಗೆ ಇದ್ದಿಲು ನೆನೆದು ಹಟ ಹಿಡಿದಿದೆ. ಮರಿಬಸಪ್ಪ ಬೀಗರಿಗಾಗಿ ಸುತ್ತಿಕೊಂಡಿದ್ದ ಜರಿಯ ಹೊಸ ರುಮಾಲನ್ನೇ ಬಿಚ್ಚಿ ಕೊಳವೆಗೆ ಹಿಡಿದ. ಕರಿ ಹತ್ತಿತು. ಮತ್ತೆ ಒಲೆಗೆ ಗಾಳಿ ಹಾಕುವ ಚಕ್ರ ತಿರುಗಿಸತೊಡಗಿದ.

ಹೆಂಡತಿ ಜಂಬಮ್ಮ ಇಳಿದು ಬಂದಳು. “ಇವತ್ತೊಂದಿನ ಹಂಗ ಹೊಂಟ್ರ ನಡಿಯಂಗಿಲ್ಲೇನು?”

“ತಡಾ ಆದ್ರ ಬೈಸ್ಕೊಂತೀನಿ. ಅಡವ್ಯಾಗ ನಿಂತ್ರ ಮದಿವೀನ ನಿಂತೋಗ್ತೈತಿ.”

ಬಾಸಿಂಗ ಕಟ್ಟಿಕೊಂಡಿದ್ದ ಈರಮ್ಮ ಕಿಟಕಿಯಿಂದ ಕೂಗಿದಳು: “ಅಪ್ಪಾ, ನಿನಗ ನನಗಿಂತ ಆ ಇದ್ದಲೀನ ಹೆಚ್ಚಾತಲ್ಲ!” ಅವನು ಚಕ್ರ ತಿರುಗಿಸುತ್ತಲೇ ಇದ್ದ. ನನಗೆ ಆ ಗಳಿಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು.

ಬಸ್ಸು ದಾರಿಯುದ್ದಕ್ಕೂ ಒಮ್ಮೆಯೂ ಕೆಮ್ಮಲಿಲ್ಲ. ಮುಹೂರ್ತ ಮಾತ್ರ ನಾವು ಮುಟ್ಟುವ ಹೊತ್ತಿಗೆ ಮೀರಿತ್ತು. ಗಂಡಿನವರು ಮುಖ ಗಂಟಿಕ್ಕಿಕೊಂಡೇ ಗೋಧೂಳಿಯಲ್ಲಿ ತಾಳಿ ಕಟ್ಟಿಸಿದರು. ಅಂದಿನಿಂದ ಅತ್ತೆಯ ಬಾಯಲ್ಲಿ ಈರಮ್ಮ “ಮುಹೂರ್ತ ತಪ್ಪಿಸಿದಾಕಿ” ಆದಳು. ಆಕೆ ಆ ಮಾತು ನುಂಗಿ ನುಂಗಿ ಅಪ್ಪನೊಂದಿಗೆ ಮಾತು ಬಿಟ್ಟಳು, ತವರಿನ ದಾರಿಯನ್ನೂ ಬಿಟ್ಟಳು.

ಯುದ್ಧ ಮುಗಿದು, ಪೆಟ್ರೋಲು ಸಿಗುವಂತಾಗಿ, ಆ ರಸ್ತೆಗೆ ಕೀಲಿ ತಿರುವಿದೊಡನೆ ಹೊರಡುವ ಹೊಸ ಬಸ್ಸೊಂದು ಬಂತು. ಈರಮ್ಮ ಕೂಸನ್ನೆತ್ತಿಕೊಂಡು ಮೊದಲ ಸಲ ತವರಿಗೆ ಬಂದದ್ದು ಅದರಲ್ಲಿಯೇ. ಇನ್ನೂ ತನ್ನ ಹಳೆಯ ಬಸ್ಸಿನ ಒಲೆಗೇ ಇದ್ದಿಲು ತುಂಬುತ್ತಿದ್ದ ಮರಿಬಸಪ್ಪ ಕೈ ಒರೆಸಿಕೊಂಡು ಎದುರಿಗೆ ಹೋದ.

“ಭಾಳ ಲಗೂ ಬಂದ್ಯಲ್ಲವ್ವಾ.”

“ಆ ಬಸ್ಸು ಕಾಯಸಂಗಿಲ್ಲಪ್ಪ,” ಎಂದಳು ಅವಳು.

ಅವನು ಕೂಸಿಗೆ ಕೈ ಚಾಚಿದವನು, ಕೈಗೆ ಮಸಿಯಿದ್ದುದು ಕಂಡು ಹಿಂದಕ್ಕೆಳೆದುಕೊಂಡ.

ಮದುವೆಯ ದಿನ ಅವಸರ ಮಾಡಿದ್ದರೆ ಬಸ್ಸು ನಿಲ್ಲುತ್ತಿತ್ತೋ, ಓಡಿಯೇಬಿಡುತ್ತಿತ್ತೋ, ನಾನೂ ಅರಿಯೆ. ಮುಂದಿನದನ್ನು ನೆನೆದು ತಡೆದು ನಿಲ್ಲುವ ಜಾತಿಯ ಮನುಷ್ಯರ ಪಾಡೇ ಇಷ್ಟು. ಅವರಿಂದಾದ ವಿಳಂಬಕ್ಕೆ ಊರೆಲ್ಲ ಸಾಕ್ಷಿ. ಅವರು ತಪ್ಪಿಸಿದ ಕೇಡು ನಡೆಯಲೇ ಇಲ್ಲವಾದ್ದರಿಂದ, ಅದಕ್ಕೆ ಅವರ ಹೊಟ್ಟೆಯ ಮಕ್ಕಳೂ ಸಾಕ್ಷಿ ಹೇಳಲಾರರು.