ಹಿಂದಿನಿಂದ ತಳ್ಳಿದವಳು

ಆರ್ಡಿತ್ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬೇಸಿಗೆ ಕಳೆದಿತ್ತು. ಇನ್ನು ಗಾಡಿ ಓಡಿಸಬಹುದೆಂದು ವೈದ್ಯರು ಹೇಳಿದ್ದರು. ಗಂಡ ವರ್ಲಿನ್ ಮಾತ್ರ ಇನ್ನೂ ಹೇಳಿರಲಿಲ್ಲ.

"ಈ ಸಲ ರೇಸ್ ಗಾಡೀನ ರಸ್ ತಳ್ಳಲಿ ಬಿಡು," ಎಂದ ಅವನು ತಿಂಡಿಯ ಹೊತ್ತಿನಲ್ಲಿ, ಅವಳ ಮುಖ ನೋಡದೆ. ರಸ್ ಅವರ ಅಳಿಯ. "ಅವನದು ಹೊಸ ಪಿಕಪ್. ನೀನು ಕುರ್ಚಿ ಹಾಕ್ಕೊಂಡು ಹಾಯಾಗಿ ನೋಡು."

"ನೋಡೋಕೆ ಏನಿದೆ? ನಿನ್ನ ಬೆನ್ನು ತಾನೆ. ಮದುವೆಯಾದಾಗಿಂದ ಅದನ್ನೇ ನೋಡ್ತಿದೀನಿ."

ವರ್ಲಿನ್ ನಕ್ಕ. ಆದರೆ ಮಾತು ಬದಲಿಸಲಿಲ್ಲ. ಅವಳಿಗೆ ಏನಾದರೂ ಆಗಬಾರದೆಂದೇ ಹೇಳುತ್ತಿದ್ದಾನೆಂದು ಆರ್ಡಿತ್‌ಗೆ ಗೊತ್ತಿತ್ತು. ಅದಕ್ಕೇ ಜಗಳವಾಡಲೂ ಆಗಲಿಲ್ಲ.

ಅವನ ರೇಸ್ ಗಾಡಿ ಏಣಿಯೊಂದಕ್ಕೆ ಚಕ್ರ ಜೋಡಿಸಿದಂತಿತ್ತು. ಮುಂದಿನ ಚಕ್ರಗಳು ಸೈಕಲ್ಲಿಗೆ ನೆಂಟರು, ಹಿಂದಿನವು ಟ್ರ್ಯಾಕ್ಟರಿಗೆ. ನಡುವೆ ಎಂಟು ಸಿಲಿಂಡರಿನ ಎಂಜಿನ್. ಹೆಣ ಸಾಗಿಸುವ ಹಳೆಯ ಕಾರಿನಿಂದ ಬಿಚ್ಚಿ ತಂದದ್ದು. ಆ ಕಾರಿನಲ್ಲಿ ಹೋದ ಯಾರಿಗೂ ಅವಸರವಿರಲಿಲ್ಲ, ಹಾಗಾಗಿ ಎಂಜಿನ್ ಸವೆದೇ ಇರಲಿಲ್ಲ ಎಂದು ವರ್ಲಿನ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಒಂದು ಕಾಲಕ್ಕೆ ಕಾಲು ಮೈಲಿಯನ್ನು ಉಸಿರು ಬಿಡುವುದರೊಳಗೆ ದಾಟಿದ ಗಾಡಿ ಅದು. ತಾನಾಗಿ ಚಾಲೂ ಆಗುವುದು ಮಾತ್ರ ಅದಕ್ಕೆ ಬರುತ್ತಿರಲಿಲ್ಲ. ಭಾರ ಹೆಚ್ಚುತ್ತದೆಂದು ಆಗ ಯಾರೂ ಸ್ಟಾರ್ಟರ್ ಇಡುತ್ತಿರಲಿಲ್ಲ. ಹಿಂದಿನಿಂದ ಇನ್ನೊಂದು ಗಾಡಿ ತಳ್ಳಬೇಕು, ವೇಗ ಬಂದಾಗ ಚಾಲಕ ಕ್ಲಚ್ ಬಿಡಬೇಕು, ಆಗ ಅದು ಸಿಡಿದೇಳಬೇಕು. ತಳ್ಳುವ ಕೆಲಸ ಮೊದಲಿನಿಂದ ಆರ್ಡಿತ್‌ಳದು. ಗೆದ್ದ ಕಪ್ಪುಗಳ ಮೇಲೆಲ್ಲ ವರ್ಲಿನ್‌ನ ಹೆಸರು. ಅವನ್ನು ಒರೆಸಿಡುವ ಕೆಲಸವೂ ಆರ್ಡಿತ್‌ಳದೇ.

ಈಗ ಅಂಥ ಗಾಡಿಗಳು ರೇಸು ಓಡುವುದಿಲ್ಲ. ಅಕ್ಟೋಬರಿನಲ್ಲೊಮ್ಮೆ ಬೇಕರ್ಸ್‌ಫೀಲ್ಡ್ ಊರಿನ ಆಚೆ, ಬಾದಾಮಿ ತೋಟಗಳ ನಡುವಿನ ಹಳೆಯ ರೇಸ್ ಪಟ್ಟಿಯಲ್ಲಿ ಸೇರುತ್ತವೆ. ಸಂಜೆ ಒಂದೊಂದನ್ನೇ ತಳ್ಳಿ ಎಬ್ಬಿಸುತ್ತಾರೆ. ಸಾಲಾಗಿ ನಿಂತು, ಇಂಧನ ಮುಗಿಯುವವರೆಗೆ ಗುಡುಗಿ, ಮನೆಗೆ ಹೋಗುತ್ತವೆ. ಮುದುಕರು ಕಣ್ಣೊರೆಸಿಕೊಂಡು ಹೊಗೆಯ ಮೇಲೆ ತಪ್ಪು ಹೊರಿಸುತ್ತಾರೆ.

ಆರ್ಡಿತ್ ತನ್ನ ಹಳೆಯ ಪಿಕಪ್ಪನ್ನು ತಾನೇ ಓಡಿಸಿಕೊಂಡು ಬಂದಿದ್ದಳು.

"ಇದನ್ನ ಯಾಕೆ ತಂದೆ?" ಎಂದ ವರ್ಲಿನ್.

"ಕುರ್ಚಿ ತರೋಕೆ ಗಾಡಿ ಬೇಡ್ವಾ?"

"ಮುಂದಿನ ಹಲಗೆ ಹಾಗೇ ಇದೆಯಲ್ಲ. ತಳ್ಳೋ ಹಲಗೆ."

"ಬಿಚ್ಚೋಕೆ ಕಣ್ಣು ಕಾಣಬೇಕಲ್ಲಪ್ಪ."

ರಸ್ ತನ್ನ ಪಿಕಪ್ ಟ್ರಕ್ಕಿನ ಮೂತಿಗೂ ಹೊಸ ಹಲಗೆ ಬಿಗಿದಿದ್ದ. ಸರದಿ ಬಂದಾಗ ವರ್ಲಿನ್ ಚರ್ಮದ ಟೊಪ್ಪಿಗೆ ಹಾಕಿಕೊಂಡು, ಸೀಟಿನ ಪಟ್ಟಿಗಳನ್ನು ಬಿಗಿದುಕೊಂಡು ಕುಳಿತ. ರಸ್ ಮೆಲ್ಲಗೆ ಮುಂದೆ ಬಂದ. ಹಲಗೆ ಇನ್ನೇನು ತಾಗಬೇಕು, ಟ್ರಕ್ಕು ತಾನೇ ಬ್ರೇಕು ಹಾಕಿಕೊಂಡು ಕೀಂ ಕೀಂ ಎಂದು ಕೂಗತೊಡಗಿತು.

"ಅಡ್ಡ ಏನೋ ಇದೆ ಅಂತಿದೆ ಮಾವ."

"ಅಡ್ಡ ಇರೋದು ನಾನು ಕಣೋ. ತಳ್ಳು."

ಎರಡನೆಯ ಸಲವೂ ಅದೇ. ಮೈಕು ಹಿಡಿದಿದ್ದ ಡೆಲ್ಬರ್ಟ್ ವರ್ಲಿನ್‌ನ ಹಳೆಯ ಎದುರಾಳಿ, ಇಂಥದ್ದನ್ನು ಬಿಡುವವನಲ್ಲ. "ಈ ಹೊಸ ಗಾಡಿಗಳಿಗೆ ಹಿರಿಯರನ್ನ ಕಂಡ್ರೆ ಎಷ್ಟು ಮರ್ಯಾದೆ ನೋಡಿ," ಎಂದ. ಜನ ನಕ್ಕರು. ಆಮೇಲೆ ದನಿ ತಗ್ಗಿಸಿ ಸೇರಿಸಿದ: "ವರ್ಲಿನ್, ಹಿಂದೆ ಸಾಲಿದೆ ಮಾರಾಯ. ಇನ್ನೊಂದು ಸಲ ನೋಡು. ಆಗದಿದ್ರೆ ಪಕ್ಕಕ್ಕೆ ಸರಿಯಪ್ಪ."

ಆರ್ಡಿತ್‌ಗೆ ಒಳಗೊಳಗೇ ಖುಷಿಯಾಗಬೇಕಿತ್ತು. ಆದರೆ ಟೊಪ್ಪಿಗೆಯ ಕೆಳಗೆ ವರ್ಲಿನ್‌ನ ಹೆಗಲು ಇಳಿದದ್ದು ಕಂಡು ಖುಷಿಯಾಗಲಿಲ್ಲ. ಆದರೂ ಅವಳು ಕುರ್ಚಿಯಿಂದ ಏಳಲಿಲ್ಲ. ಅವನೇ ಕರೆಯಲಿ.

"ಆರ್ಡಿತ್," ಎಂದು ಕೂಗಿದ ವರ್ಲಿನ್. ಪಟ್ಟಿ ಬಿಗಿದದ್ದರಿಂದ ತಿರುಗಿ ನೋಡಲು ಆಗುತ್ತಿರಲಿಲ್ಲ.

"ಏನೋ ಅಂದೆಯಾ?"

"ಆಪರೇಷನ್ ಆಗಿದ್ದು ಕಣ್ಣಿಗಲ್ವೇನೇ? ಕಿವಿಗೂ ಮಾಡಿದ್ರಾ?" ಎಂದವನು, ಸ್ವಲ್ಪ ತಡೆದು, "ಬಾರೆ. ನೀನೇ ತಳ್ಳಬೇಕು," ಎಂದ.

ರಸ್ ಆಗಲೇ ಟ್ರಕ್ಕನ್ನು ಹಿಂದೆ ತೆಗೆದು, ಓಡಿಬಂದು, ಅವಳ ಪಿಕಪ್ಪಿನಿಂದ ಉಳಿದ ಕುರ್ಚಿಗಳನ್ನು ಇಳಿಸತೊಡಗಿದ್ದ.

ಮಲಗಿದ ಮಗುವಿಗೆ ಹೊದಿಕೆ ತಾಗಿಸಿದಷ್ಟು ಮೆತ್ತಗೆ ಹಲಗೆ ತಾಗಿತು. ಆರ್ಡಿತ್ ವೇಗ ಏರಿಸಿದಳು. ಯಾವ ವೇಗಕ್ಕೆ ಅವನ ಎಡಗಾಲು ಕ್ಲಚ್ಚಿನಿಂದ ಏಳುತ್ತದೆಂದು ಅವಳ ಬಲಗಾಲಿಗೆ ಗೊತ್ತಿತ್ತು. ಒಂದು ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ಎಂಟು ಕೊಳವೆಗಳಿಂದ ಬೆಂಕಿ. ಸ್ಟಿಯರಿಂಗ್ ಚಕ್ರ ಅವಳ ಅಂಗೈಯಲ್ಲಿ ಅದುರಿತು. 'ಇನ್ನು ಸಾಕು, ಬಿಡು' ಎಂದು ವರ್ಲಿನ್ ಕೈ ಎತ್ತಿದ. ಅವಳು ಬ್ರೇಕು ಒತ್ತಿದಳು. ಎತ್ತಿದ ಕೈಯನ್ನು ಅವನು ಇಳಿಸಲೇ ಇಲ್ಲ. ಸಾಲಿನ ಕೊನೆ ಸೇರುವವರೆಗೂ ಹಾಗೇ ಹಿಡಿದುಕೊಂಡು ಹೋದ.

ಎಲ್ಲ ಗಾಡಿಗಳೂ ತಣ್ಣಗಾದ ಮೇಲೆ ಆರ್ಡಿತ್ ಪೀಚ್ ಹಣ್ಣಿನ ಪೈ ತರಲು ರಸ್‌ನ ಟ್ರಕ್ಕಿಗೆ ಹೋದಳು. ಸ್ಟಿಯರಿಂಗ್ ಪಕ್ಕದಲ್ಲಿ ಬೆರಳುಗುರಿನಷ್ಟು ಗುಂಡಿಯೊಂದಿತ್ತು. ಅದರ ಮೇಲೆ ಚಿತ್ರ: ಒಂದರ ಹಿಂದೊಂದು ಕಾರು, ನಡುವೆ ಡಿಕ್ಕಿಯ ನಕ್ಷತ್ರ, ಕೆಳಗೆ 'ಆಫ್'. ಅದನ್ನು ಒತ್ತಿದ್ದರೆ ಟ್ರಕ್ಕು ತಾನಾಗಿ ಬ್ರೇಕು ಹಾಕಿಕೊಳ್ಳುತ್ತಿರಲಿಲ್ಲ. ಪೊರೆ ತೆಗೆಸಿದ ಮೇಲೆ ಅವಳಿಗೆ ಅಷ್ಟು ಸಣ್ಣದೂ ಚೆನ್ನಾಗಿ ಕಾಣುತ್ತಿತ್ತು.

"ಇದೇನೋ ರಸ್, ಈ ಗುಂಡಿ?"

ರಸ್ ಬಗ್ಗಿ ನೋಡಿದ. "ಹೀಟರ್‌ದಿರಬೇಕು ಅತ್ತೆ. ಪುಸ್ತಕ ಓದಿಲ್ಲ ನಾನು."

ಬ್ರೆಡ್ ಸುಡುವ ಯಂತ್ರ ಕೊಂಡಾಗಲೂ ಅದರ ಜೊತೆ ಬಂದ ಪುಸ್ತಕವನ್ನು ಪೂರ್ತಿ ಓದಿ ಮುಗಿಸಿ, ಆಮೇಲೆ ವೈರು ಸಿಕ್ಕಿಸಿದವನು ಅವನು. ಆರ್ಡಿತ್ ಪೈ ಕತ್ತರಿಸಿ ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕಿದಳು.

"ಇವನಿಗ್ಯಾಕೆ ದೊಡ್ಡದು?" ಎಂದ ವರ್ಲಿನ್. "ತಳ್ಳೋಕೂ ಆಗ್ಲಿಲ್ಲ ಇವನ ಕೈಲಿ."

"ಅದಕ್ಕೇ," ಎಂದಳು ಆರ್ಡಿತ್.