ಹ್ಞೂಂ, ಮಿಸ್

ಪರದೆಯಾಚೆ ಚಪ್ಪಲಿ ಸದ್ದು, ನನ್ನ ಕಡೆಗೇ ಇರಬೇಕು, ಅಲ್ಲ, ಕಿಟಕಿ ಪಕ್ಕದ ಮಂಚಕ್ಕೆ ಹೋಯಿತು, ಅಲ್ಲಿ ಯಾರೋ ಅಮ್ಮೇ ಅಮ್ಮೇ ಅನ್ನುತ್ತಿದ್ದಾಳೆ, ಮಗುವಿನ ಎದೆಬಡಿತ ಕೇಳಿಸುವ ಯಂತ್ರವೂ ಅವಳ ಹತ್ತಿರವೇ ಇದೆ, ಇರುವುದೇ ಒಂದು — ಹೊಟ್ಟೆ ಗಟ್ಟಿಯಾಗುತ್ತಿದೆ, ಇದು ನೋವೋ ಮಗುವೋ, ಬಾಟಲಿಯ ಔಷಧಿ ಹನಿಹನಿಯಾಗಿ ಮೈಗೆ ಇಳಿಯುತ್ತಿದೆ, ದಿನ ತುಂಬಿ ವಾರ ಕಳೆದರೂ ತಾನಾಗಿ ಬಾರದ ನೋವನ್ನು ಹೀಗೆ ಬರಿಸಬೇಕಂತೆ, ಕರೆಸ್ಕೊಂಡ ನೋವಿಗೆ ಕರುಣೆ ಇರಲ್ಲ ಕಣೇ ಅಂತ ಅತ್ತೆ, ನಮ್ಮೂರು ದಿಕ್ವೆಲ್ಲದಿಂದ ಈ ಆಸ್ಪತ್ರೆಯವರೆಗೂ ಬಸ್ಸಿನಲ್ಲಿ ಅದೇ ರಾಗ. ಬೆಳಿಗ್ಗೆ ಎಡ ಪಕ್ಕೆಲುಬಿನ ಕೆಳಗೆ ಆ ಪುಟ್ಟ ಹಿಮ್ಮಡಿ ಎದ್ದಿತ್ತು, ಬಟ್ಟೆಯೊಳಗಿಂದ ಹೆಬ್ಬೆರಳು ಒತ್ತಿದ ಹಾಗೆ, ನಾನು ಒತ್ತಿದರೆ ಅದೂ ಒತ್ತುತ್ತಿತ್ತು, ಆಮೇಲೆ ಎದ್ದಿತೇ? ದಪ್ಪ ಕನ್ನಡಕದ ನರ್ಸ್ ಬಂದು ಕೇಳಿದಳು, ಸೆವ್ವಂದಿ, ಪಾಪು ಆಡ್ತಾ ಇದೆಯಾ, ಹ್ಞೂಂ ಮಿಸ್ ಅಂದುಬಿಟ್ಟೆ. ಶಾಲೆಯಲ್ಲಿ ಅರ್ಥ ಆಯ್ತಾ ಅಂದರೆ ಹ್ಞೂಂ ಮಿಸ್, ಗಾರ್ಮೆಂಟ್ಸಿನಲ್ಲಿ ಹೊಲಿದು ಮುಗೀತಾ ಅಂದರೆ ಹ್ಞೂಂ ಮಿಸ್, ಗಂಡನಿಗೂ ಒಮ್ಮೆ ಬಾಯಿತಪ್ಪಿ ಹ್ಞೂಂ ಮಿಸ್ ಅಂದಿದ್ದೆ, ಲಸಂತ ವಾರವೆಲ್ಲ ನಕ್ಕ. ಈ ಸಲದ ಹ್ಞೂಂ ನಿಜವೋ, ನನಗೇ ಗೊತ್ತಿಲ್ಲ.

ಸೂಜಿ ಹಾಕಲು ಆ ನರ್ಸ್ ಮಣಿಕಟ್ಟಿನ ಪಿರಿತ್ ದಾರವನ್ನೂ, ವಿಹಾರದಲ್ಲಿ ಮಂತ್ರಿಸಿ ಕಟ್ಟಿದ ರಕ್ಷೆಯನ್ನೂ, ಕತ್ತರಿಸಿದಳು, ಏನ್ ತಂಗಿ ಮುಖ ಸಣ್ಣ ಮಾಡ್ಕೊಂಡೆ, ದಾರ ಹೋದ್ರೆ ಪುಣ್ಯನೂ ಹೋಗುತ್ತಾ — ಹೋಗುವುದಿಲ್ಲ, ಗೊತ್ತು, ಆದರೂ ಕೈ ಬೋಳು ಅನಿಸುತ್ತದೆ, ಆ ದಾರ ಕಟ್ಟುವಾಗ ವಿಹಾರದ ಸ್ವಾಮಿಗಳು ಹೇಳಿದ್ದರು, ಹಿಂದೆ ಕೊಲೆಗಡುಕನಾಗಿದ್ದ ಒಬ್ಬ ಭಿಕ್ಷು ಹೆರಲಾರದೆ ಒದ್ದಾಡುತ್ತಿದ್ದ ಹೆಂಗಸಿನ ಬಳಿ ನಿಂತು ಒಂದು ಸತ್ಯ ನುಡಿದನಂತೆ, ಆ ಸತ್ಯದ ಬಲಕ್ಕೆ ತಾಯಿ ಮಗು ಇಬ್ಬರೂ ಉಳಿದರಂತೆ. ಒಂದು ಸತ್ಯ ಸಾಕು. ನನ್ನ ಹತ್ತಿರ ಯಾವುದಿದೆ — ಯಾರಿಗೂ ಕೆಟ್ಟದ್ದು ಬಯಸಿಲ್ಲ, ಸುಳ್ಳು, ಅತ್ತೆಗೆ ಬಯಸಿದ್ದೇನೆ, ಬಸ್ಸಿನಲ್ಲೇ ಬಯಸಿದ್ದೇನೆ; ಗಂಡಾದರೂ ಹೆಣ್ಣಾದರೂ ಒಂದೇ, ಅದೂ ಅರ್ಧ ಸತ್ಯ; ನನಗೆ ಭಯವಿಲ್ಲ, ಥೂ. ಪಕ್ಕೆಲುಬಿನ ಕೆಳಗೆ ಒತ್ತುತ್ತೇನೆ, ಏನೂ ತಿರುಗಿ ಒತ್ತುತ್ತಿಲ್ಲ, ಹಿಮ್ಮಡಿ ಎಲ್ಲಿ, ಹೇಳಿದರೆ ಕೊಯ್ಯುತ್ತಾರೆ, ನಮ್ಮ ಮನೇಲಿ ಯಾರೂ ಹೊಟ್ಟೆ ಕೊಯ್ಸಿಕೊಂಡಿಲ್ಲ ಅಂತ ಅತ್ತೆ, ಹೇಳದಿದ್ದರೆ, ಹೇಳದಿದ್ದರೆ ಏನಾಗುತ್ತದೆ ಸೆವ್ವಂದಿ — ಮಿಸ್. ಏನ್ ತಂಗಿ, ಇನ್ನೂ ಹೊತ್ತಿದೆ, ಮಲ್ಕೋ. ಮಿಸ್, ಸುಳ್ಳು ಹೇಳ್ದೆ, ಮಗು ಆಡಿದ್ದು ನಂಗೆ ಗೊತ್ತಾಗ್ತಿಲ್ಲ, ಸೂಜಿ ಹಾಕ್ದಾಗಿಂದ ಗೊತ್ತಾಗ್ತಿಲ್ಲ.

ಬಯ್ಯುತ್ತಾಳೆ ಅಂದುಕೊಂಡೆ, ಬಯ್ಯಲಿಲ್ಲ, ಹನಿ ನಿಲ್ಲಿಸಿದಳು, ಎಡಕ್ಕೆ ಹೊರಳು ಅಂದಳು, ಯಂತ್ರ ಎಳೆದು ತಂದರು, ಹೊಟ್ಟೆಯ ಮೇಲೆ ತಣ್ಣನೆಯ ಅಂಟು, ಕೊರಕೊರ, ಅದು ನಿನ್ನ ನಾಡಿ, ಮಗುದಲ್ಲ, ಕೊರಕೊರ, ಅವಳ ಕೈ ಅಲ್ಲಿ ಇಲ್ಲಿ ಹುಡುಕುತ್ತದೆ, ಕನ್ನಡಕ ಮೂಗಿನ ತುದಿಗೆ ಜಾರಿದೆ, ನಾನು ಉಸಿರಾಡುವುದಿಲ್ಲ — ಸಿಕ್ತು, ಇದೆ ತಂಗಿ, ಇದೆ, ಬಡಿತ ನಿಧಾನ ಆಗಿದೆ, ಡಾಕ್ಟರನ್ನ ಕರೀರಿ, ಆಪರೇಷನ್ ಥಿಯೇಟರ್‌ಗೆ ಹೇಳ್ರಿ. ಮಂಚ ಉರುಳುತ್ತಿದೆ, ದೀಪಗಳು ಹಿಂದಕ್ಕೆ ಓಡುತ್ತಿವೆ, ಬಾಗಿಲಲ್ಲಿ ಅತ್ತೆ ಫ್ಲಾಸ್ಕ್ ಹಿಡಿದು ನಿಂತಿದ್ದಾರೆ, ಕೊಯ್ತಾರಂತೇನೇ, ಹ್ಞೂಂ ಅತ್ತೆ, ಕೊಯ್ಯಲಿ, ಬೇಗ ಕೊಯ್ಯಲಿ, ಅತ್ತೆ ಫ್ಲಾಸ್ಕನ್ನು ಎದೆಗೆ ಒತ್ತಿಕೊಳ್ಳುತ್ತಾರೆ, ಅವರೂ ಹೆದರಿದ್ದಾರೆ, ನನ್ನ ಕೈ ಮಾತ್ರ ಅಲ್ಲೇ, ಎಡ ಪಕ್ಕೆಲುಬಿನ ಕೆಳಗೆ, ಕೈ ತೆಗಿ ತಂಗಿ ಅನ್ನುತ್ತಾರೆ, ತೆಗೆಯುವುದಿಲ್ಲ, ಒತ್ತುತ್ತೇನೆ, ಹಿಮ್ಮಡಿ, ಒತ್ತುತ್ತೇನೆ, ಆ ಪುಟ್ಟ ಹಿಮ್ಮಡಿ, ಆ ಹಿಮ್ಮಡಿ —